ಇನ್ನೊಬ್ಬರ ಗಾಡಿಯ ಗನ್ನು

ಕರೆಂಟ್ ಗಾಡಿ ಇಟ್ಕೊಂಡೋರಿಗೆ ಮೊದಲು ಮಾನ ಇರಬೇಕು, ಲೈಸೆನ್ಸ್ ಆಮೇಲೆ. ಗಾಡಿ ತುಂಬಿ ಅರ್ಧ ಗಂಟೆ ಆದ್ರೂ ಎದ್ದು ಬರದೆ, ಹೋಟ್ಲೊಳಗೆ ಕೂತು ಎರಡನೇ ಪೊಂಗಲ್ ಹಾಕಿಸ್ಕೊಳ್ಳೋರನ್ನ ಕಂಡಿದೀನಿ. ನೆರಳು ಐತೆ ಅಂತ ಡೀಸೆಲ್ ಗಾಡಿ ತಂದು ಚಾರ್ಜರ್ ಮುಂದೆ ನಿಲ್ಸಿ, ಸೀಟು ಹಿಂದಕ್ಕೆ ಮಾಡಿ ಗೊರಕೆ ಹೊಡೆಯೋರನ್ನ ಕಂಡಿದೀನಿ. 'ಸಾರ್, ಇದು ಚಾರ್ಜ್ ಹಾಕೋ ಜಾಗ' ಅಂದ್ರೆ, 'ಬೋರ್ಡ್ ಎಲ್ಲಯ್ಯಾ' ಅಂತ ನನ್ನೇ ಕೇಳ್ತಾರೆ, ಬೋರ್ಡಿಗೇ ಬೆನ್ನು ಕೊಟ್ಟು ನಿಂತ್ಕೊಂಡು. ಅಂಥೋರಿಗೆ ಮಂಗಳಾರತಿ ಎತ್ತದೆ ನಾನು ಬಿಟ್ಟಿದ್ದೇ ಇಲ್ಲ. ನನ್ನ ಹೆಂಡತಿ ಇದ್ದಾಗ, ನಾನು ಎಲ್ಲೇ ಜಗಳಕ್ಕೆ ನಿಂತ್ರೂ, 'ಊರ ಉಸಾಬರಿ ನಿಮಗ್ಯಾಕೆ' ಅಂತ ತೋಳು ಹಿಡಿದು ಎಳ್ಕೊಂಡು ಹೋಗ್ತಿದ್ಲು. ಈಗ ಎಳೆಯೋರಿಲ್ಲ. ಹಂಗಾಗಿ ಹಿಡಿದ ಜಗಳ ಪೂರ್ತಿ ಆಡಿಯೇ ಬರ್ತೀನಿ.

ಆದ್ರೆ ಒಂದು ಕೆಲಸ ಮಾತ್ರ ನಾನು ಮಾಡಿದೋನಲ್ಲ. ಚಾರ್ಜರ್ ವೈರಿನ ತುದೀಲಿ ದಪ್ಪ ಪ್ಲಗ್ ಇರುತ್ತಲ್ಲ, ಅದಕ್ಕೆ ಎಲ್ಲರೂ ಗನ್ ಅಂತಾರೆ. ಇನ್ನೊಬ್ಬರ ಗಾಡಿಗೆ ಸಿಗಿಸಿದ ಗನ್ನನ್ನ ನಾನು ಮುಟ್ಟಿದೋನಲ್ಲ. ತುಂಬಿರಲಿ, ತುಂಬದೇ ಇರಲಿ, ಯಜಮಾನ ಬಂದು ತೆಗೆದ ಮೇಲೇ ನನ್ನ ಸರದಿ. ಈಗಿನ ಹುಡುಗರು ನಗ್ತಾರೆ. 'ತಾತಾ, ಫುಲ್ ಆಗಿದ್ರೆ ಎಳೆದು ಹಾಕ್ಕೊಳ್ಳಿ, ಯಾರೂ ಏನೂ ಅನ್ನಲ್ಲ' ಅಂತಾರೆ. ಅವರಿಗೇನು ಗೊತ್ತು. ನಾನು ಹುಟ್ಟಿದ್ದು ಸೇಲಂನಲ್ಲಿ, ಮನೇಲಿ ಕನ್ನಡ ಆಡೋ ನೇಕಾರರ ಬೀದೀಲಿ.

ನಮ್ಮ ಬೀದೀಲಿ ಬೆಳಗಾಗೋದೇ ಹಾಸು ಕಟ್ಟೋದ್ರಿಂದ. ಮಗ್ಗಕ್ಕೆ ಏರಿಸೋ ಮುಂಚೆ ಉದ್ದುದ್ದ ನೂಲನ್ನೆಲ್ಲ ಬೀದಿ ಈ ತುದಿಯಿಂದ ಆ ತುದಿಗೆ ಕವೆಗೋಲಿನ ಮೇಲೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗಿಸ್ತಾರೆ. ಬೀದಿ ಒಂದೇ, ಮನೆಗಳು ಇಪ್ಪತ್ತು, ಸರದಿ ಕಾಯಬೇಕು. ನಿನ್ನ ಸರದಿ ಬಂದು, ನಿನಗಿಂತ ಮುಂಚಿನೋನ ಹಾಸು ಒಣಗಿ ಗರಗರ ಅಂತಿದ್ರೂ, ಅವನು ಒಳಗೆ ಕೂತು ಅಂಬಲಿ ಕುಡೀತಿದ್ರೂ, ನೀನು ಬಿಚ್ಚೋ ಹಂಗಿಲ್ಲ. ಗಾಳಿಗೆ ಕೋಲು ಬಿದ್ರೂ ಕೂಗಿ ಕರೀಬೇಕೇ ಹೊರತು ಎತ್ತಿ ನಿಲ್ಸೋ ಹಂಗಿಲ್ಲ. ಸಾವಿರಾರು ಎಳೇಲಿ ಒಂದು ಎಳೆ ಹರಿದ್ರೂ ಮುಟ್ಟಿದೋನ ತಲೆಗೇ ಬರೋದು. ಏಳು ವರ್ಷದೋನಿದ್ದಾಗ ಪಕ್ಕದ ಮನೆ ಹಾಸಿನ ಕೋಲು ಎತ್ತಿ ನಿಲ್ಸೋಕೆ ಹೋಗಿ ನಮ್ಮಪ್ಪನ ಕೈಲಿ ತಿಂದ ಏಟು ಇವತ್ತಿಗೂ ಮರೆತಿಲ್ಲ. 'ಪರರ ನೂಲಿಗೆ ಕೈ ಹಾಕ್ತೀಯಾ ಲೇ' ಅಂತ ಒಂದೊಂದು ಮಾತಿಗೆ ಒಂದೊಂದು ಏಟು. ಅಡ್ಡ ಬಂದು ನನ್ನ ಬಿಡಿಸ್ಕೊಂಡೋಳು ನಮ್ಮಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡೋಳು. ಮದುವೆಯಾಗಿ ಧರ್ಮಪುರಿ ಆಚೆ ಕಾರಿಮಂಗಲಕ್ಕೆ ಹೋದ್ಲು, ಅಲ್ಲೇ ಮಗ ಸೊಸೆ ಜೊತೆ ಇದ್ಲು. ಚೆನ್ನಾಗೇ ನೋಡ್ಕೊಂಡ್ರು, ಅದರಲ್ಲಿ ಸುಳ್ಳಿಲ್ಲ. ಸೊಸೆ ನಮ್ಮ ಜನಾನೇ, ಆದ್ರೆ ಅವಳು ಹುಟ್ಟಿ ಬೆಳೆದ ಮನೇಲಿ ತಮಿಳೇ. ಮಗನೂ ಅಂಗಡಿ ಸೇರಿದ ಮೇಲೆ ತಮಿಳಾದ. ಇತ್ತ ನನ್ನ ಮನೆ ಕತೆಯೂ ಅದೇ. ಮಗಳು ಕೊಯಮತ್ತೂರಲ್ಲಿ, ಫೋನ್ ಮಾಡಿದ್ರೆ 'ಸಾಪ್ಟಿಂಗಳಾಪ್ಪಾ', ಊಟ ಆಯ್ತಾ ಅಂತಾಳೆ, ನಾನೂ 'ಸಾಪ್ಟೇಮ್ಮಾ', ಆಯ್ತು ಅಂತೀನಿ, ಮುಗೀತು. ಹೆಂಡತಿ ಹೋದ ಮೇಲೆ ಮನೇಲಿ ಕನ್ನಡ ಆಡೋಕೆ ಗೋಡೆ ಒಂದೇ ಉಳಿದಿತ್ತು. ಒಂದೊಂದು ದಿನ ಸಂಜೆ ನೋಡ್ಕೊಂಡ್ರೆ, ಬೆಳಗಿಂದ ಒಂದು ಕನ್ನಡ ಮಾತೂ ಬಾಯಿಂದ ಬಂದಿರ್ತಿರಲಿಲ್ಲ. ಹಂಗಿರೋವಾಗ ಹದಿನೈದು ದಿನಕ್ಕೊಂದು ಭಾನುವಾರ ಅಕ್ಕನ ಮನೆ. ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆ ಶುರು ಮಾಡಿದ್ರೆ ಸಂಜೆ ಕಾಫಿವರೆಗೂ ಇಬ್ಬರೂ ಬಾಯಿ ಮುಚ್ತಿರಲಿಲ್ಲ. ಯಾವ ಮನೆ ಹಾಸು ಯಾವ ಮಳೇಲಿ ನೆಂದಿತ್ತು ಅನ್ನೋದನ್ನೇ ನೂರು ಸಲ ಮಾತಾಡಿದೀವಿ. ಮೊಮ್ಮಕ್ಕಳು ಬಾಗಿಲಲ್ಲಿ ನಿಂತು ನಮ್ಮನ್ನ ಟೀವಿ ನೋಡ್ದಂಗೆ ನೋಡೋವು.

ಸೆಕೆಂಡ್ ಹ್ಯಾಂಡಲ್ಲಿ ಆ ಚಿಕ್ಕ ಕರೆಂಟ್ ಕಾರು ತಗೊಂಡಿದ್ದೇ ಅದಕ್ಕೆ. ಬಸ್ಸಲ್ಲಿ ಕೂತ್ರೆ ಮೊಣಕಾಲು ಹಿಡ್ಕೊಳ್ತಿತ್ತು. ಮಾರಿದೋನು ನೂರೈವತ್ತು ಕಿಲೋಮೀಟರ್ ಓಡುತ್ತೆ ಅಂದ. ಓಡೋದು ನೂರ ಹತ್ತು, ಅದೂ ಏಸಿ ಹಾಕದೆ, ದೇವರನ್ನ ನೆನೆಸ್ಕೊಂಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ, ಸೇಲಂನಿಂದ ಹೊರಟು ತೊಪ್ಪೂರು ಘಾಟಿ ಹತ್ತಿದ ಮೇಲೆ ನಲ್ಲಂಪಳ್ಳಿ ಹತ್ತಿರ ಹೈವೇ ಹೋಟ್ಲಲ್ಲಿ ಇರೋ ಚಾರ್ಜರಲ್ಲಿ ಅರ್ಧ ಗಂಟೆ ಹಾಕ್ಕೊಂಡು, ಒಂದು ಟೀ ಕುಡಿದು, ಮುಂದಕ್ಕೆ ಹೋಗೋದು. ಅಲ್ಲಿನ ವಾಚ್‌ಮ್ಯಾನ್ ನನ್ನ ವಯಸ್ಸಿನೋನು, ಗುರುತಾಗಿದ್ದ.

ಅವತ್ತು ಮಂಗಳವಾರ. ಬೆಳಿಗ್ಗೆ ಏಳೂವರೆಗೆ ಅಕ್ಕನ ಸೊಸೆ ಫೋನ್ ಮಾಡಿದ್ಲು. 'ಮಾಮಾ, ಅತ್ತೆಗೆ ರಾತ್ರಿಯಿಂದ ಉಸಿರು ಸರಿ ಇಲ್ಲ. ಡಾಕ್ಟರ್ ಬಂದು ನೋಡಿ, ಇನ್ನು ಎಲ್ಲಿಗೂ ಕರ್ಕೊಂಡು ಹೋಗಬೇಡಿ, ನೋಡೋರು ಬಂದು ನೋಡ್ಲಿ ಅಂದ್ಬಿಟ್ರು. ನೆನಪೆಲ್ಲ ಚೆನ್ನಾಗೈತೆ. ನಿಮ್ಮನ್ನೇ ಕೇಳ್ತಾ ಇದಾರೆ, ಬೇಗ ಬನ್ನಿ' ಅಂದ್ಲು, ತಮಿಳಲ್ಲಿ.

ಗಾಡೀಲಿ ಐವತ್ತೆಂಟು ಪರ್ಸೆಂಟ್ ಇತ್ತು. ಶನಿವಾರ ಮಾತ್ರ ಚಾರ್ಜಿಗೆ ಹಾಕೋದು ನನ್ನ ಪದ್ಧತಿ, ಮಂಗಳವಾರ ಯಾರು ಎಲ್ಲಿಗೆ ಹೋಗ್ತಾರೆ? ಬಸ್ ಹತ್ತಿದ್ರೆ ಸೀದಾ ಹೋಗಿಬಿಡ್ತಿದ್ದೆ. ಈ ಮಾತನ್ನ ಎಷ್ಟು ಸಲ ನನಗೆ ನಾನೇ ಹೇಳ್ಕೊಂಡಿದೀನೋ ಲೆಕ್ಕ ಇಲ್ಲ. ಅವತ್ತು ಕೈ ತಾನಾಗೇ ಕೀಗೆ ಹೋಯ್ತು. ದಾರಿ ಉದ್ದಕ್ಕೂ ಒಂದೇ ಯೋಚನೆ. ಅಕ್ಕನ ಹತ್ರ ಕೂತು ನಾಲ್ಕು ಮಾತಾಡಬೇಕು, ನಮ್ಮ ಮಾತಲ್ಲಿ, ಅವಳು ಕೇಳಿಸ್ಕೊಂಡು ತಿರುಗಿ ಒಂದು ಮಾತು ಹೇಳಬೇಕು. ಇನ್ನೇನೂ ಬೇಡ ನನಗೆ. ತೊಪ್ಪೂರು ಏರಲ್ಲಿ ಲಾರಿಗಳ ಹಿಂದೆ ತೆವಳಿ ತೆವಳಿ, ಹೋಟ್ಲು ಮುಟ್ಟೋ ಹೊತ್ತಿಗೆ ಒಂಬತ್ತು ಪರ್ಸೆಂಟ್ ಉಳಿದಿತ್ತು.

ಅಲ್ಲಿ ಇರೋದು ಒಂದೇ ಗನ್ನು. ಅದು ಒಂದು ಬಿಳಿ ಗಾಡಿಗೆ ಸಿಗಿಸಿತ್ತು, ಕರ್ನಾಟಕದ ನಂಬರು. ಚಾರ್ಜರ್ ಮೇಲಿನ ಗಾಜಲ್ಲಿ ನೂರು ಅಂತ ತೋರಿಸ್ತಿತ್ತು. ಗಾಡಿ ತುಂಬಿ ಕೂತಿತ್ತು, ಗಾಡಿಯೋರು ಕಾಣೆ. ಹೋಟ್ಲೊಳಗೆ ಹೋಗಿ ಟೇಬಲ್ ಟೇಬಲಿಗೂ ಹೋಗಿ ಕೇಳ್ದೆ, 'ವೆಳ್ಳ ಕಾರು ಉಂಗಳ್ದಾ?' ಬಿಳಿ ಕಾರು ನಿಮ್ದಾ ಅಂತ. ಯಾರದೂ ಅಲ್ಲ. ಹಿಂದೆ ಕೈತೊಳೆಯೋ ಕಡೆ ನೋಡ್ದೆ. ಹಾರನ್ ಹೊಡ್ದೆ, ಹೋಟ್ಲಿನೋರು ಬೈದ್ರು. ಬರ್ಲಿ, ಬಂದ್ರೆ ಅವರ ಏಳು ತಲೆಮಾರು ಜಾಲಾಡಿಬಿಡ್ತೀನಿ ಅಂತ ಹಲ್ಲು ಕಡ್ಕೊಂಡು ನಿಂತೆ.

ವಾಚ್‌ಮ್ಯಾನ್ ಕೋಲು ಊರ್ಕೊಂಡು ಬಂದ. ನನ್ನ ಮುಖ ನೋಡಿ ವಿಷಯ ಕೇಳಿದ, ಹೇಳ್ದೆ. 'ಅಯ್ಯೋ, ಸುಮ್ನೆ ಯಾಕೆ ನಿಂತಿದೀರಿ? ತುಂಬಿದ ಮೇಲೆ ಲಾಕ್ ಬಿಟ್ಕೊಳ್ಳುತ್ತೆ. ಎಳೀರಿ, ನಿಮ್ಮ ಗಾಡಿ ಪಕ್ಕಕ್ಕೆ ತನ್ನಿ, ವೈರ್ ಎಟುಕುತ್ತೆ. ಬೇಕಾದ್ರೆ ನಾನೇ ಎಳೀತೀನಿ' ಅಂತ ಕೈ ಹಾಕೋಕೆ ಹೋದ. ನಾನು ಅವನ ಕೈ ಹಿಡ್ಕೊಂಡೆ. 'ಬೇಡಪ್ಪಾ, ಅವರು ಬರ್ಲಿ. ಪರರ ವಸ್ತು' ಅಂದೆ. 'ನಿಮಗೆ ತಲೆ ಕೆಟ್ಟಿದೆಯಾ' ಅನ್ನೋ ಥರ ನೋಡಿದ. ಅವನಿಗೆ ನಾನು ಬೀದಿ, ಹಾಸು, ನಮ್ಮಪ್ಪ ಅಂತ ಪುರಾಣ ಬೇರೆ ಹೇಳ್ದೆ. ಅಲ್ಲಿ ಅಕ್ಕ ಉಸಿರು ಎಳೀತಾ ಮಲಗಿದ್ಲು, ಇಲ್ಲಿ ನಾನು ಒಬ್ಬ ವಾಚ್‌ಮ್ಯಾನಿಗೆ ಮರ್ಯಾದೆ ಪಾಠ ಹೇಳ್ತಾ ನಿಂತಿದ್ದೆ.

ಆಗ ಅವನು ಆ ಚೀಟಿ ತೋರಿಸಿದ. ಬಿಳಿ ಗಾಡಿ ಮುಂದಿನ ಗಾಜಿನ ಒಳಗೆ, ಸ್ಟೇರಿಂಗ್ ಪಕ್ಕ, ಒಂದು ರಟ್ಟು ಇಟ್ಟಿದ್ರು. ದಪ್ಪ ಕರಿ ಇಂಕಲ್ಲಿ ಎರಡು ಸಾಲು, ದುಂಡು ದುಂಡು ಕನ್ನಡ ಅಕ್ಷರ. ಫೋನ್ ಮಾಡೋಣ ಅಂದ್ರೆ ಅಂಕಿ ಗಿಂಕಿ ಏನೂ ಇರಲಿಲ್ಲ.

'ನೀಂಗ ಕನ್ನಡಂ ದಾನೇ ಸಾರ್? ಪಡಿಚ್ಚು ಸೊಲ್ಲುಂಗ' ಅಂದ. ಕನ್ನಡದೋರಲ್ವಾ, ಓದಿ ಹೇಳಿ ಅಂತ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಬೀದೀಲಿ ಕನ್ನಡ ಬಾಯಲ್ಲಿ ಐತೆ, ಕೈಯಲ್ಲಿ ಇಲ್ಲ. ಇಸ್ಕೂಲಲ್ಲಿ ನಾವು ಕಲ್ತಿದ್ದು ತಮಿಳು. ಈಗ ನಾನು ಬರೀತಿರೋ ಈ ಅಕ್ಷರ ಎಲ್ಲ ಅವತ್ತಾದ ಮೇಲೆ ಫೋನ್ ನೋಡ್ಕೊಂಡು, ಕಾಪಿ ಪುಸ್ತಕದಲ್ಲಿ ತಿದ್ದಿ ತಿದ್ದಿ ಕಲಿತದ್ದು. ಅವತ್ತು ನನಗೆ ಅದರಲ್ಲಿ ಒಂದಕ್ಷರವೂ ಬರ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಅಕ್ಷರ ಕಾಣೋದು ಒಂದೇ ಕಡೆ, ದೇವರ ಗೂಡಲ್ಲಿ, ಹಳೇ ಪಟದ ಕೆಳಗೆ. ಅಜ್ಜಿ ಅದನ್ನ ಮುಟ್ಟಿ ಕಣ್ಣಿಗೆ ಒತ್ಕೊಳ್ತಿದ್ಲು, ಅವಳಿಗೂ ಓದೋಕೆ ಬರ್ತಿರಲಿಲ್ಲ.

'ಓದೋಕೆ ಬರಲ್ಲಪ್ಪ' ಅಂತ ಹೇಳಿದ್ರೆ ಮುಗೀತಿತ್ತು. ಫೋನಲ್ಲಿ ಒಂದು ಫೋಟೋ ತೆಗೆದು ಯಾರಿಗಾದ್ರೂ ಕಳಿಸಬಹುದಿತ್ತು. ಆದ್ರೆ ಎರಡು ವರ್ಷದಿಂದ ಅದೇ ವಾಚ್‌ಮ್ಯಾನ್ ಮುಂದೆ, ನಾವು ಕನ್ನಡದೋರು, ನಮ್ಮ ಭಾಷೆ ಹಂಗೆ ಹಿಂಗೆ ಅಂತ ಜಂಬ ಕೊಚ್ಚಿದೋನು ನಾನು. ದೊಡ್ಡ ಓದೋನ ಥರ ಗಾಜಿಗೆ ಬಗ್ಗಿ ನೋಡ್ದೆ. 'ಸಾಮಿ ಪೇರು' ಅಂದೆ. ದೇವರ ಹೆಸರು. ಸುಳ್ಳು ಅಂತ ಪೂರ್ತಿ ಹೇಳೋಕೂ ಆಗಲ್ಲ, ಹಂಗೇ ಇರಬೇಕು ಅಂತ ನಾನೂ ನಂಬ್ಕೊಂಡೆ. ಆ ಚೀಟಿಗೆ ಕೈ ಬೇರೆ ಮುಗಿದೆ. ವಾಚ್‌ಮ್ಯಾನೂ ಮುಗಿದ.

ಆಮೇಲೆ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತೆ. ಧರ್ಮಪುರಿ ಊರೊಳಗೆ ಇನ್ನೊಂದು ಚಾರ್ಜರ್ ಐತೆ, ಆದ್ರೆ ಒಂಬತ್ತು ಪರ್ಸೆಂಟಲ್ಲಿ ಹೋಗಿ ನಡು ರೋಡಲ್ಲಿ ನಿಂತ್ರೆ ಏನು ಗತಿ? ಹೈವೇಲಿ ಕೈ ಅಡ್ಡ ಹಾಕಿದ್ರೆ ಬಸ್ ನಿಲ್ಲಲ್ಲ. ಇನ್ನೈದು ನಿಮಿಷ, ಈಗ ಬರ್ತಾರೆ, ಇನ್ನೇನು ಬಂದ್ರು. ಹಿಂಗೇ ಐದೈದು ನಿಮಿಷ ಸೇರಿಸ್ಕೊಂಡು ಹೋದೆ.

ಒಂಬತ್ತೂವರೆಗೆ ಸೊಸೆ ಮತ್ತೆ ಫೋನ್ ಮಾಡಿ, 'ಅತ್ತೆ ಮಾತಾಡ್ಬೇಕಂತೆ' ಅಂತ ಅಕ್ಕನ ಕಿವಿಗೆ ಇಟ್ಲು. ಒಂದು ಉಸಿರು, ಒಂದು ಮಾತು, ಇನ್ನೊಂದು ಉಸಿರು.

'ಎಲ್ಲಿದ್ದೀಯಲಾ?'

'ನಲ್ಲಂಪಳ್ಳಿ ತಾವ ಇವ್ನಿ ಅಕ್ಕ. ಬತ್ತಾ ಇವ್ನಿ.'

'ಬಂದ್ಬುಡು. ಮಾತಾಡಾದು ಐತೆ.'

'ಫೋನಾಗೇ ಏಳಕ್ಕ.'

'ಊಹೂಂ. ಕುಂತು ಮಾತಾಡಾದು' ಅಂದ್ಲು. ಅಷ್ಟಕ್ಕೇ ಕೆಮ್ಮು ಬಂತು, ಸೊಸೆ ಫೋನ್ ತಗೊಂಡ್ಲು.

ಅದಾಗಿ ಅರ್ಧ ಗಂಟೆಗೆ ಒಂದು ಆಟೋ ಬಂದು ನಿಂತು ಗಂಡ ಹೆಂಡತಿ ಇಳಿದ್ರು, ಹಣೇಲಿ ವಿಭೂತಿ, ಕೈಯಲ್ಲಿ ಪ್ರಸಾದದ ಕವರ್. ಬಿಳಿ ಗಾಡಿ ಕಡೆಗೇ ಬಂದ್ರು. ನಾನು ಕುರ್ಚಿ ಒದ್ದು ಎದ್ದೆ. ಯಾವ ಭಾಷೇಲಿ ಬೈಬೇಕು ಅಂತ ಯೋಚನೆ ಕೂಡ ಮಾಡ್ಲಿಲ್ಲ, ಬಂದಿದ್ದು ಕನ್ನಡವೇ. 'ಏನ್ರೀ, ಮಾನ ಮರ್ವಾದೆ ಐತೇನ್ರೀ ನಿಮ್ಗೆ? ಗಾಡಿ ತುಂಬಿ ಗಂಟೆ ಮೇಲಾತು! ಸಾಯಾಕ್ ಬಿದ್ದಿರೋರ ನೋಡಾಕ್ ಓಗ್ತಾ ಇರೋ ನನ್ನ ಇಲ್ಲಿ ಕಾಯಿಸ್ಬುಟ್ರಲ್ರೀ!'

ಗಂಡ ಬೆಚ್ಚಿ ನಿಂತ. ಹೆಂಡತಿ ಮಾತ್ರ ಹತ್ತಿರ ಬಂದು, 'ಅಯ್ಯೋ ಯಜಮಾನ್ರೇ, ಕಾದಿದ್ದು ಯಾಕೆ?' ಅಂತ ಕೇಳಿದ್ಲು. 'ಚೀಟಿ ಇಟ್ಟಿದ್ವಲ್ಲ. ಇಲ್ಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ ಅಂತ ಆಟೋ ಹತ್ತಿದ ಮೇಲೆ ಹೊಳೀತು, ಊರಲ್ಲಿ ಇಡೋ ಚೀಟೀನೇ ಇಲ್ಲೂ ಇಟ್ಬಿಟ್ಟೆ. ಗುಡೀಲಿ ನೋಡಿದ್ರೆ ಅಷ್ಟುದ್ದ ಸಾಲು. ಆದ್ರೆ ನೀವು ಕನ್ನಡದೋರೇ ಅಲ್ವಾ? ನೋಡ್ಲಿಲ್ವಾ?'

ನೋಡ್ದೆ ಅಂದೆ. ಓದೋಕೆ ಬರಲ್ಲ ಅಂದೆ. ವಾಚ್‌ಮ್ಯಾನ್ ಪಕ್ಕದಲ್ಲೇ ನಿಂತಿದ್ದ. ಕನ್ನಡ ತಿಳೀದೆ ಇದ್ರೂ ನನ್ನ ಮುಖ ನೋಡಿ ಅವನಿಗೆ ಎಲ್ಲ ತಿಳೀತು.

ಅವಳು ಬಾಗಿಲು ತೆಗೆದು ಚೀಟಿ ಈಚೆ ತಂದು, ಮಗೂಗೆ ಓದಿ ಹೇಳಿದಂಗೆ ಬೆರಳಿಟ್ಟು ಓದಿದ್ಲು. 'ಚಾರ್ಜ್ ತುಂಬಿದ್ದರೆ ದಯವಿಟ್ಟು ಗನ್ ತೆಗೆದು ನಿಮ್ಮ ಗಾಡಿಗೆ ಹಾಕಿಕೊಳ್ಳಿ. ನಮಗಾಗಿ ಕಾಯಬೇಡಿ.'

ನನಗೆ ಸಿಟ್ಟು ಮಾಡೋಕೆ ಯಾರೂ ಉಳೀಲಿಲ್ಲ. ಅವರು ಒಳ್ಳೆ ಜನ. ಅವರೇ ಗನ್ ತೆಗೆದು ನನ್ನ ಗಾಡಿಗೆ ಹಾಕಿದ್ರು. 'ನಮ್ಮ ಗಾಡೀಲಿ ಬನ್ನಿ, ಬಿಟ್ಟು ಬರ್ತೀವಿ' ಅಂದ್ರು. ಹಿಂದಿನ ಸೀಟಲ್ಲಿ ಸಾಮಾನು ತುಂಬಿತ್ತು, ಅದನ್ನೆಲ್ಲ ಎತ್ತೋಕೆ ಶುರು ಮಾಡಿದ್ರು. ಹೂಂ ಅನ್ನಬೇಕಿತ್ತು. ನಾನು ಬೇಡ ಬೇಡ ಅಂದೆ. ಅಷ್ಟು ಬೈದ ಮೇಲೆ ಅವರ ಗಾಡೀಲಿ ಯಾವ ಮುಖ ಇಟ್ಕೊಂಡು ಕೂರೋದು? ಇಪ್ಪತ್ತು ನಿಮಿಷ ಹಾಕಿ ಹೊರಡ್ತೀನಿ ಅಂದೆ. ಅವರು ಪ್ರಸಾದ ಕೊಟ್ಟು ಹೋದ್ರು. ಆ ಇಪ್ಪತ್ತು ನಿಮಿಷ ವಾಚ್‌ಮ್ಯಾನ್ ನನ್ನ ಪಕ್ಕ ಕೂತ, ತನ್ನ ದುಡ್ಡಲ್ಲೇ ನನಗೊಂದು ಟೀ ತರಿಸಿ ಕೊಟ್ಟ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.

ಕಾರಿಮಂಗಲದಲ್ಲಿ ಅಕ್ಕನ ಬೀದಿಗೆ ತಿರುಗಿದಾಗ ಮನೆ ಮುಂದೆ ಜನ ನಿಂತಿದ್ರು. ಗಂಡಸರು ಬೆಂಚು ಎತ್ತಿ ಹೊರಗೆ ಹಾಕ್ತಿದ್ರು. ಅದನ್ನ ನೋಡಿದ ಮೇಲೆ ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಗಾಡಿ ಎಲ್ಲಿ ನಿಲ್ಲಿಸ್ದೆ ಅನ್ನೋದೂ ನೆನಪಿಲ್ಲ, ಯಾರದೋ ಬಾಗಿಲಿಗೆ ಅಡ್ಡ ನಿಲ್ಲಿಸಿದ್ನಂತೆ.

ಸೊಸೆ ಬಂದು ಕೈ ಹಿಡ್ಕೊಂಡ್ಲು. ಹೋಗಿ ಕಾಲು ಗಂಟೆ ಆಯ್ತು ಮಾಮಾ ಅಂದ್ಲು. ಫೋನ್ ಇಟ್ಟ ಮೇಲೆ ಅಕ್ಕ ಮಾತು ನಿಲ್ಸೇ ಇಲ್ವಂತೆ. ಬರೀ ಕನ್ನಡ. ತಮಿಳಲ್ಲಿ ಕೇಳಿದ್ರೂ ಕನ್ನಡದಲ್ಲೇ ಹೇಳ್ತಿದ್ಲಂತೆ. ಯಾವುದೋ ಬೀದಿ, ಯಾರದೋ ಹೆಸರು, ಅರ್ಧಕ್ಕರ್ಧ ಯಾರಿಗೂ ತಿಳೀಲಿಲ್ಲ. ಎಲ್ಲದಕ್ಕೂ ಸರಿ ಸರಿ ಅಂತ ತಲೆ ಸವರಿದೆ ಮಾಮಾ, ಅಂದ್ಲು.

'ಕಡೇಲಿ ಒಂದೇ ಮಾತು ತಿರುಗಿ ತಿರುಗಿ ಕೇಳ್ತಿದ್ರು. ಅದು ಮಾತ್ರ ನನಗೆ ತಿಳೀತು' ಅಂತ, ತನ್ನ ತಮಿಳು ನಾಲಿಗೇಲಿ ಅದನ್ನ ಹಂಗೇ ಹೇಳಿದ್ಲು. 'ಯಾರ್ ಇಡ್ಕಂಡವ್ರೆ ಅವ್ನ? ಬುಡಾಕ್ ಏಳು.'

ಅವನನ್ನ ಯಾರು ಹಿಡ್ಕೊಂಡಿದಾರೆ, ಬಿಡೋಕೆ ಹೇಳು. ಗೋಡೆ ಹಿಡ್ಕೊಂಡು ಒಳಗೆ ಹೋದೆ. ನಡುಮನೇಲಿ ಚಾಪೆ ಮೇಲೆ ಮಲಗಿಸಿದ್ರು, ತಲೆ ಹತ್ರ ದೀಪ. ಮೊಮ್ಮಕ್ಕಳು, ಬೀದಿ ಹೆಂಗಸರು, ಎಲ್ಲ ಸುತ್ತ ಕೂತು ತಮಿಳಲ್ಲಿ ಅಳ್ತಿದ್ರು. ನಾನು ಪಕ್ಕದಲ್ಲಿ ಕೂತು ಅವಳ ಕಿವಿ ಹತ್ರ ಬಾಯಿಟ್ಟೆ. ಕಿವಿ ಇನ್ನೂ ಬೆಚ್ಚಗಿತ್ತು.

'ಯಾರೂ ಇಡ್ಕಂಡಿರ್ಲಿಲ್ಲ ಅಕ್ಕ. ಒಬ್ರೂ ಇಡ್ಕಂಡಿರ್ಲಿಲ್ಲ. ನಾನೇ ನಿಂತ್ಕಂಡಿದ್ದೆ' ಅಂದೆ. ಮೆತ್ತಗೆ ಹೇಳ್ಬೇಕು ಅಂದ್ಕೊಂಡಿದ್ದೆ, ಜೋರಾಗಿ ಬಂದ್ಬಿಡ್ತು. ಅಳ್ತಿದ್ದೋರೆಲ್ಲ ಅಳು ನಿಲ್ಸಿ ನನ್ನ ಕಡೆ ತಿರುಗಿದ್ರು. ಹಿಂದೆ ಕೂತಿದ್ದ ಮುದುಕಿ ಪಕ್ಕದೋಳನ್ನ, 'ಎನ್ನ ಸೊಲ್ರಾರು?' ಅಂತ ಕೇಳಿದ್ಲು. ಏನು ಹೇಳ್ತಿದಾರೆ ಅಂತ. ಪಕ್ಕದೋಳು, 'ತೆರಿಯಲೆ' ಅಂದ್ಲು. ಗೊತ್ತಿಲ್ಲ ಅಂತ. ಆಮೇಲೆ ಎಲ್ಲರೂ ಮತ್ತೆ ಅಳೋಕೆ ಶುರು ಮಾಡಿದ್ರು.